ಮಳಖೇಡ ಕೋಟೆ: ಹೋಗಿ, ಆದರೆ ಸ್ವಲ್ಪ ಓದಿಕೊಂಡು ಹೋಗಿ

ಕಲಬುರಗಿಯಲ್ಲೇ ಹುಟ್ಟಿ ಬೆಳೆದರೂ ಮಳಖೇಡ ಕೋಟೆಯೊಳಗೆ ನಾನು ಕಾಲಿಟ್ಟಿದ್ದು ಕಳೆದ ಡಿಸೆಂಬರಲ್ಲಿ. ಸೇಡಂ ಬಸ್ಸಲ್ಲಿ ಎಷ್ಟೋ ಸಲ ಆ ಊರು ದಾಟಿದ್ದೇನೆ, ಒಮ್ಮೆಯೂ ಇಳಿದಿರಲಿಲ್ಲ. ಏಳನೇ ಕ್ಲಾಸಿನ ಮಗಳು ಪಾಠದಲ್ಲಿ ನೃಪತುಂಗನ ಹೆಸರು ಓದಿ ಬಂದು "ನಮ್ಮೂರ ಹತ್ರಾನೇ ಅದಂತಲ್ಲಪ್ಪ" ಅಂದಳು. ಆ ಭಾನುವಾರವೇ ಹೊರಟೆವು. ಸುಮಾರು 40 ಕಿಲೋಮೀಟರ್, ರಸ್ತೆಯ ಎರಡೂ ಕಡೆ ತೊಗರಿ ಹೊಲ.

ಇದೇ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ರಾಷ್ಟ್ರಕೂಟ ರಾಜ ಅಮೋಘವರ್ಷ ನೃಪತುಂಗನ ರಾಜಧಾನಿ. ಈಗ ಸಿಕ್ಕಿರುವ ಕನ್ನಡ ಪುಸ್ತಕಗಳಲ್ಲೇ ಹಳೆಯದಾದ ಕವಿರಾಜಮಾರ್ಗ ಹುಟ್ಟಿದ್ದು ಅವನ ಆಸ್ಥಾನದಲ್ಲಿ, ಸುಮಾರು 850ರಲ್ಲಿ. ನನಗಂತೂ ಬಾಗಿಲ ಹತ್ತಿರ ನಿಂತಾಗ ಮೈ ಜುಮ್ಮೆಂದಿತು.

ಆದರೆ ನಾವು ಹೋದ ದಿನ ಇದನ್ನೆಲ್ಲ ಹೇಳುವ ಒಂದು ಫಲಕವೂ ನಮಗೆ ಸಿಗಲಿಲ್ಲ. ಗೈಡ್ ಇಲ್ಲ, ಟಿಕೆಟ್ ಇಲ್ಲ, ಕುಡಿಯೋ ನೀರೂ ಇಲ್ಲ. ಮಗಳು "ಅರಮನೆ ಎಲ್ಲಿ?" ಅಂತ ಕೇಳಿದಳು, ನಾನು ಏನು ತೋರಿಸಲಿ? ಒಳಗೆ ಜಾಲಿ ಮುಳ್ಳು ಬೆಳೆದು ಅರ್ಧ ದಾರಿಯೇ ಮುಚ್ಚಿತ್ತು. ಇಂಥ ಜಾಗವನ್ನು ಹೀಗೆ ಬಿಟ್ಟಿದ್ದು ನೋಡಿ ನಿಜವಾಗಲೂ ಹೊಟ್ಟೆ ಉರಿಯಿತು.

ಇನ್ನೊಂದು ಮಾತು, ಕಾಣುವ ಗೋಡೆಯೆಲ್ಲ ನೃಪತುಂಗನ ಕಾಲದ್ದೇ ಅಂದ್ಕೋಬೇಡಿ. 972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಬಂದು ಊರನ್ನು ಲೂಟಿ ಮಾಡಿದ, ಮರುವರ್ಷ ಚಾಲುಕ್ಯರ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನೇ ಮುಗಿಸಿದ, ಆಮೇಲೆ ಬಹಮನಿಗಳವರೆಗೆ ಎಷ್ಟೋ ಕೈ ಬದಲಾಯಿತು. ನಮ್ಮ ಮನೆಗಳಿಗೆ ಹಾಸುವ ಫರಸಿಯಂಥದೇ ಕಲ್ಲನ್ನು ಇಲ್ಲೂ ಒಂದರ ಮೇಲೊಂದು ಒಟ್ಟಿದ್ದಾರೆ. ಮಗಳು ಬೆರಳಿಟ್ಟು ಪದರ ಎಣಿಸತೊಡಗಿದಳು, ಇಪ್ಪತ್ತು ದಾಟಿದ ಮೇಲೆ ಕೈ ಎಟುಕಲಿಲ್ಲ. ಒಂದು ಸಂದಿಯಲ್ಲಿ ಗಿಳಿ ಗೂಡು ಮಾಡಿತ್ತು, ಹಸಿರು ಬಾಲ ಮಾತ್ರ ಹೊರಗೆ.

ಅಲ್ಲೇ ಆಡು ಮೇಯಿಸುತ್ತಿದ್ದ ಅಜ್ಜ ಒಬ್ಬರು "ಸುಮ್ನ ಕೆಳಗ ಯಾಕ್ ತಿರಗತೀರಿ, ಬುರುಜಿನ ಮ್ಯಾಲ ಹೋಗ್ರಿ, ಹೊಳಿ ಕಾಣ್ತದ" ಅಂದರು. ಅವರ ಮಾತು ಕೇಳಿದ್ದೇ ಒಳ್ಳೆಯದಾಯಿತು. ಮೇಲಿನಿಂದ ಕಾಗಿಣಾ ಹೊಳೆ ಹೇಗೆ ಸುತ್ತಿಕೊಂಡು ಹೋಗುತ್ತದೆ ಅಂತ ನೋಡಿದರೆ ಇಲ್ಲೇ ಯಾಕೆ ರಾಜಧಾನಿ ಮಾಡಿದರು ಅನ್ನೋದು ಯಾರೂ ಹೇಳದೆಯೇ ತಿಳಿಯುತ್ತದೆ. ಮೆಟ್ಟಿಲು ಕಿತ್ತುಹೋಗಿವೆ, ವಯಸ್ಸಾದವರನ್ನು ಹತ್ತಿಸಬೇಡಿ. ಮಳೆಗಾಲದಲ್ಲಂತೂ ಬೇಡವೇ ಬೇಡ, ಕಲ್ಲು ಜಾರುತ್ತದೆ, ಹೊಳೆಯೂ ಉಕ್ಕುತ್ತದೆ.

ಊರೊಳಗಿನ ನೇಮಿನಾಥ ಬಸದಿಯನ್ನು ಬಿಡಬೇಡಿ. ಹೊಳೆ ದಂಡೆಯ ಉತ್ತರಾದಿ ಮಠಕ್ಕೆ ಜನ ಜಾಸ್ತಿ ಬರುತ್ತಾರೆ, ಟೀಕಾಚಾರ್ಯರಿಗೆ, ಅಂದರೆ ಮಾಧ್ವ ಗುರು ಜಯತೀರ್ಥರಿಗೆ, ಕೈಮುಗಿದು ಹಾಗೇ ವಾಪಸ್ ಹೋಗುತ್ತಾರೆ. ಕೋಟೆ ಅಲ್ಲೇ ಹತ್ತಿರ ಇದೆ, ಅಲ್ವಾ? ಒಂದು ಗಂಟೆ ಇಟ್ಟುಕೊಳ್ಳಿ.

ರೊಟ್ಟಿ, ಶೇಂಗಾ ಹಿಂಡಿ, ನೀರು ಮನೆಯಿಂದಲೇ ಒಯ್ಯಿರಿ. ಬೆಳಿಗ್ಗೆ ಎಂಟರೊಳಗೆ ಮುಟ್ಟಿದರೆ ಬುರುಜಿನ ಮೇಲೆ ಬಿಸಿಲು ತಟ್ಟುವುದಿಲ್ಲ. ಮಗಳು ಮುಂದಿನ ಸಲ ಕ್ಲಾಸಿನ ಗೆಳತಿಯರನ್ನೂ ಕರೆದುಕೊಂಡು ಹೋಗೋಣ ಅಂತ ಹಟ ಹಿಡಿದಿದ್ದಾಳೆ, ಸಂಕ್ರಾಂತಿ ಆದ ಮೇಲೆ ಹೋಗುತ್ತೇವೆ.