ಹೊಸ ಸ್ಪ್ರಿಂಗ್ ಅಂತ ದುಡ್ಡು ತಗೊಂಡು, ನನ್ನ ಹಳೇ ಸ್ಪ್ರಿಂಗನ್ನೇ ಕತ್ತರಿಸಿ ಹಾಕಿದರು

ಸಿಟ್ಟು ಇನ್ನೂ ಇಳಿದಿಲ್ಲ. ಶಿರಸಿ, ಕುಮಟಾ, ಕಾರವಾರದ ಕಡೆ ರಿಯರ್ ವೀಲ್ ಡ್ರೈವ್ ಕೂಪೆ (ಹಿಂದಿನ ಚಕ್ರಕ್ಕೆ ಎಳೆತ ಬರುವ ಎರಡು ಬಾಗಿಲಿನ ಕಾರು) ಇಟ್ಟುಕೊಂಡವರು ಬೆರಳೆಣಿಕೆಯಷ್ಟೇ. ಆದರೂ ಇದ್ದೀರಿ, ದಯವಿಟ್ಟು ಓದಿ.

ನನ್ನದು ಸೆಕೆಂಡ್ ಹ್ಯಾಂಡ್ ಫೋರ್ಡ್ ಮಸ್ಟಾಂಗ್, 5 ಲೀಟರ್ ವಿ8. ಅಡಿಕೆ ದುಡ್ಡಿಗೆ ಸಾಲ ಸೇರಿಸಿ ತಗೊಂಡದ್ದು. ಘಟ್ಟದ ತಿರುವಿನಲ್ಲಿ ಮೂತಿ ಸ್ವಲ್ಪ ಹೊರಗೆ ಹೋಗುತ್ತಿತ್ತು, ಅದೊಂದೇ ನನ್ನ ದೂರು. ಕಂಪನಿಯವರು ಬೇಕಂತಲೇ ಹಾಗೆ ಇಟ್ಟಿರುತ್ತಾರೆ. ಮೂತಿ ಜಾರಿದರೆ ವೇಗ ಇಳಿಸಿ ಸುಧಾರಿಸಿಕೊಳ್ಳಬಹುದು, ಬಾಲ ಜಾರಿದರೆ ಎಲ್ಲರಿಗೂ ಆಗುವುದಿಲ್ಲ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಹುಬ್ಬಳ್ಳಿಯ ಒಂದು ಗ್ಯಾರೇಜಿಗೆ ಹೋದೆ. "ಸರ್ರ, ಗಟ್ಟಿ ಸ್ಪ್ರಿಂಗ್ ಹಾಕಿ ಒಂದೂವರಿ ಇಂಚ್ ಇಳಸೂಣು. ಹಿಂದ ಇನ್ನೂ ಗಟ್ಟಿ ಮಾಡೂಣು. ಹಳಿ ಮ್ಯಾಲ ಹೋದಂಗ ಹೊಕ್ಕೈತಿ" ಅಂದರು. ಮಾತು ಪೂರ್ತಿ ಸುಳ್ಳಲ್ಲ. ಹಿಂದೆ ಗಟ್ಟಿ ಮಾಡಿದರೆ ತಿರುವಿನಲ್ಲಿ ಹೊರಗಿನ ಹಿಂಚಕ್ರದ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಒಟ್ಟು ಹಿಂದಿನ ಹಿಡಿತ ಕಡಿಮೆಯಾಗುತ್ತದೆ, ಮೂತಿ ಚುರುಕಾಗಿ ತಿರುಗುತ್ತದೆ. ಆದರೆ ನಮ್ಮ ಗಾಡಿಯಲ್ಲಿ ಇಂಜಿನ್ನಿನ ಎಳೆತವೂ ಅದೇ ಚಕ್ರಕ್ಕೆ ತಾನೇ ಬರುವುದು? ಅದನ್ನು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

92 ಸಾವಿರ ಕೊಟ್ಟೆ. ಕೆಂಪು ಸ್ಪ್ರಿಂಗ್ ಮಿಂಚುತ್ತಿತ್ತು. ಹಳೇ ಸ್ಪ್ರಿಂಗ್ ಎಲ್ಲಿ ಅಂದೆ. "ಗುಜರಿಗೆ ಹೋದ್ವರಿ ಸರ್ರ." ಸರಿ ಅಂದು ಬಂದೆ. ಸರಿ ಅಂದೆನಲ್ಲ, ಅದೇ ಈಗಲೂ ಚುಚ್ಚುತ್ತದೆ.

ಜುಲೈ ತಿಂಗಳು. ಅಪ್ಪನನ್ನು ಕುಮಟಾಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದೆ. ದೇವಿಮನೆ ದಾಟಿ ಘಟ್ಟ ಇಳಿಯುತ್ತಿದ್ದೆವು. ಜಿಟಿಜಿಟಿ ಮಳೆ, ವೇಗ ನಲವತ್ತು. ಎಡ ತಿರುವಿನಲ್ಲಿ ಬಸ್ಸು ಎದುರಾಯಿತು. ಎಕ್ಸಿಲರೇಟರಿನಿಂದ ಕಾಲು ತೆಗೆದೆ, ಅಷ್ಟೇ. ಹಿಂದೆ ದಡ್ ಅಂತ ಸದ್ದು, ಬಾಲ ಬಸ್ಸಿನ ಕಡೆಗೇ ಹೊರಟಿತು. ಡ್ಯಾಶ್‌ಬೋರ್ಡಿನಲ್ಲಿ ಗಾಡಿ ಜಾರುತ್ತಿದೆ ಅನ್ನುವ ಹಳದಿ ದೀಪ ಪಟಪಟ ಮಿಟುಕಿತು. ಬಸ್ಸಿನ ಡ್ರೈವರ್ ಪೂರ್ತಿ ನಿಲ್ಲಿಸಿದ್ದರು, ಉಳಿದೆವು. ಗಾಡಿ ಮತ್ತೆ ಈಚೆಗೆ ಎಸೆದು ಹಿಂದಿನ ಎಡ ಚಕ್ರ ಚರಂಡಿಯ ಕಲ್ಲಿಗೆ ಬಡಿಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಕವಳದ ಸಂಚಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ಶಿರಸಿಯ ಹಿರಿಯ ಮೆಕ್ಯಾನಿಕ್ ಒಬ್ಬರು ಗಾಡಿ ಎತ್ತಿ, "ತಮಾ, ಇಲ್ಲಿ ನೋಡು" ಅಂದರು. ಸ್ಪ್ರಿಂಗಿನ ತುದಿಯಲ್ಲಿ ಗ್ರೈಂಡರಿನ ಗೀರು, ಅದರ ಮೇಲೆ ಹೊಸ ತುಕ್ಕು. ಉಗುರಿನಲ್ಲಿ ಕೆರೆದೆ. ಕೆಂಪು ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅಡಿಯಲ್ಲಿ ಕಪ್ಪು, ಕಂಪನಿ ಹಾಕಿದ್ದ ಬಣ್ಣದ ಗುರುತು. ನನ್ನದೇ ಸ್ಪ್ರಿಂಗ್. ಗುಜರಿಗೆ ಹೋಯಿತು ಅಂದ ಸ್ಪ್ರಿಂಗ್. ಅದನ್ನೇ ಕತ್ತರಿಸಿ, ಬಣ್ಣ ಬಳಿದು, ನನಗೇ ಮಾರಿದ್ದರು!

ಸುತ್ತು ಕತ್ತರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ನಿಜ. ಆದರೆ ಗಾಡಿ ತಗ್ಗಿ ಹೆಚ್ಚುಕಡಿಮೆ ಬಂಪ್ ಸ್ಟಾಪಿನ, ಅಂದರೆ ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರಿನ ಮೇಲೇ ಕೂತಿತ್ತು. ತಿರುವಿನಲ್ಲಿ ಭಾರ ಬಿದ್ದ ಕೂಡಲೇ ರಬ್ಬರಿಗೆ ಬಡಿದು ಸಸ್ಪೆನ್ಷನ್ ಕಲ್ಲಾಗುತ್ತದೆ, ಟೈರು ಒಮ್ಮೆಲೇ ಕೈ ಬಿಡುತ್ತದೆ. ಆ ದಡ್ ಸದ್ದು ಅದೇ. ಎತ್ತರ ಬದಲಾದರೆ ಟೋ (ಚಕ್ರ ಒಳಮುಖವೋ ಹೊರಮುಖವೋ ಅನ್ನುವುದು), ಕ್ಯಾಂಬರ್ (ಚಕ್ರದ ವಾಲಿಕೆ) ಎರಡೂ ಬದಲಾಗುತ್ತವೆ. ಹುಬ್ಬಳ್ಳಿಯವರು ಅಲೈನ್‌ಮೆಂಟನ್ನೇ ಮಾಡಿರಲಿಲ್ಲ. ಹಿಂದಿನ ಚಕ್ರ ಸ್ವಲ್ಪ ಒಳಮುಖವಾಗಿ ಇರಬೇಕು, ನನ್ನದು ಎರಡೂ ಹೊರಮುಖ. ಅಂದರೆ ತಿರುವಿನಲ್ಲಿ ಭಾರ ಹೊತ್ತ ಚಕ್ರವೇ ಬಾಲವನ್ನು ಹೊರಗೆ ಒಯ್ಯುತ್ತದೆ.

ಹುಬ್ಬಳ್ಳಿಯ ಗ್ಯಾರೇಜಿಗೆ ಫೋನ್ ಮಾಡಿದೆ. "ಮಳ್ಯಾಗ ಜೋರ್ ಹೊಡದಿರಬೇಕ್ರಿ." ನಲವತ್ತು ಅಂದೆ. "ಸ್ಪ್ರಿಂಗ್ ಸೆಟ್ ಆಗಾಕ ಸಾವಿರ ಕಿಲೋಮೀಟರ್ ಬೇಕ್ರಿ." ಕತ್ತರಿಸಿದ ತುದಿಯ ಫೋಟೋ ಕಳಿಸಿದೆ. "ಕಂಪನಿಯಿಂದನ ಹಂಗ ಬರ್ತಾವ್ರಿ." ಕಂಪನಿಯಿಂದ ಗ್ರೈಂಡರ್ ಗೀರು ಬರುತ್ತದಾ? ಬಿಲ್ಲಿನ ಫೋಟೋ ಕಳಿಸಿದ ಮೇಲೆ ಬ್ಲಾಕ್ ಮಾಡಿದರು. ಅಪ್ಪ ಪಕ್ಕದಲ್ಲಿದ್ದರು ಅಂತ ಹೇಳಿದ್ದಕ್ಕೂ ಒಂದು ಮಾತಿಲ್ಲ.

ಹಳೇ ಸ್ಪ್ರಿಂಗ್ ಕೈಗೆ ಬರುವ ತನಕ ಒಂದು ರೂಪಾಯಿ ಕೊಡಬೇಡಿ. ನಾಲ್ಕೂ ಚಕ್ರದ ಅಲೈನ್‌ಮೆಂಟ್ ಶೀಟ್ ಕೇಳಿ. ಸುಮ್ನೆ ಹಿಂದೆ ಗಟ್ಟಿ ಮಾಡಿಸಬೇಡಿ, ಅದರಲ್ಲೂ ನಮ್ಮ ಮಳೆಗೆ.

ನಾಲ್ಕು ಸ್ಪ್ರಿಂಗೂ ಬಿಚ್ಚಿಸಿ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ. ಒರಿಜಿನಲ್ ಬರುವವರೆಗೆ ಗಾಡಿ ಗ್ಯಾರೇಜಿನಲ್ಲೇ. ಅಪ್ಪ ಮೊನ್ನೆ ಬಸ್ಸಿನಲ್ಲಿ ಒಬ್ಬರೇ ಕುಮಟಾಕ್ಕೆ ಹೋಗಿ ಬಂದರು.