ಹತ್ತು ವರ್ಷ ಮಾರ್ಕ್‌ಡೌನ್‌ನಲ್ಲೇ ಕನ್ನಡ ಬರೆದ ಮೇಲೆ

ನಾನು ಬರೆಯುವುದು ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳ ಬಗ್ಗೆ. ರಜೆ ಸಿಕ್ಕಾಗ ಯಾವುದಾದರೂ ಊರಿನ ಕೆರೆ ಏರಿ, ಹಾಳುಬಿದ್ದ ಗುಡಿ ಹುಡುಕಿಕೊಂಡು ಹೋಗುತ್ತೇನೆ. ಕಲ್ಲಿನ ಮೇಲೆ ಓದಲು ಸಿಕ್ಕಿದ್ದನ್ನು ಮನೆಗೆ ಬಂದು ಬರೆದು ಜಾಲಕ್ಕೆ ಹಾಕುತ್ತೇನೆ. 2015ರಿಂದ ಈ ಬರಹಗಳೆಲ್ಲ ಮಾರ್ಕ್‌ಡೌನ್‌ನಲ್ಲೇ ಇವೆ. ಇಂಗ್ಲಿಷ್ ಬರೆಯುವವರಿಗೆ ಇದು ಹೇಗೆ ಅಂತ ಹೇಳುವ ವಿಮರ್ಶೆಗಳು ಬೇಕಾದಷ್ಟಿವೆ. ಕನ್ನಡ ಬರೆಯುವವರಿಗೆ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನುವುದನ್ನು ನಾನು ಪೆಟ್ಟು ತಿಂದೇ ಕಲಿಯಬೇಕಾಯಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಜಾನ್ ಗ್ರೂಬರ್ 2004ರಲ್ಲಿ, ಆರನ್ ಸ್ವಾರ್ಟ್ಜ್ ಅವರ ನೆರವು ಪಡೆದು, ರೂಪಿಸಿದ, ಬರೀ ಪಠ್ಯದಲ್ಲೇ ಚಿಹ್ನೆಗಳಿಂದ ವಿನ್ಯಾಸ ಗುರುತಿಸುವ ಪದ್ಧತಿ ಇದು. ಸಾಲಿನ ಮೊದಲಿಗೆ # ಹಾಕಿದರೆ ಶೀರ್ಷಿಕೆ, ಪದದ ಎರಡೂ ಬದಿಗೆ  ** (ಎರಡು ನಕ್ಷತ್ರ) ಹಾಕಿದರೆ ದಪ್ಪಕ್ಷರ, > ಹಾಕಿದರೆ ಉಲ್ಲೇಖ. ಪರಿವರ್ತಕ ತಂತ್ರಾಂಶವೊಂದು ಇದನ್ನು ಜಾಲಪುಟದ ಭಾಷೆಯಾದ ಎಚ್‌ಟಿಎಮ್‌ಎಲ್ ಮಾಡಿಕೊಡುತ್ತದೆ. ಪರಿವರ್ತಿಸದೆ ಹಾಗೇ ತೆರೆದರೂ ಸಲೀಸಾಗಿ ಓದಲು ಬರಬೇಕು ಅನ್ನುವುದು ಇದರ ಮೂಲ ಉದ್ದೇಶ.

ನನ್ನನ್ನು ಇದಕ್ಕೆ ತಂದದ್ದು ಕಳೆದುಕೊಂಡ ಬರಹ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಬರುವ ಮುಂಚಿನ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದ ಕಡತಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಪರಿವರ್ತಿಸಿದೆ, ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಟ್ಟವು. ಶಾಸನದ ಪಾಠದಲ್ಲಿ ಒಂದು ಒತ್ತು ತಪ್ಪಿದರೆ ಇಡೀ ಓದು ತಪ್ಪು. ಇನ್ನು ಮೇಲೆ ಬರೆಯುವುದೆಲ್ಲ ಯಾವ ತಂತ್ರಾಂಶದ ಹಂಗೂ ಇಲ್ಲದ ಬರೀ ಯೂನಿಕೋಡ್ ಪಠ್ಯವಾಗಿರಬೇಕು ಎಂದು ಆವತ್ತೇ ಗಟ್ಟಿ ಮಾಡಿಕೊಂಡೆ. ಹಳಗನ್ನಡದ ಱ, ೞ ಕೂಡ ನನ್ನ ಕಡತಗಳಲ್ಲಿ ಈಗ ಕೆಡದೆ ಕೂತಿವೆ. ಇದೊಂದಕ್ಕೇ ನಾನು ಮಾರ್ಕ್‌ಡೌನ್‌ಗೆ ಐದಕ್ಕೆ ಐದು ಕೊಡುತ್ತೇನೆ.

ಉಳಿದದ್ದಕ್ಕೆ ಹಾಗೆ ಕೊಡಲಾರೆ. ಮೊದಲ ಪೆಟ್ಟು ಬಿದ್ದದ್ದು ಸಾಲುಗಳ ವಿಷಯದಲ್ಲಿ. ಶಾಸನದ ಪಾಠ ಕೊಡುವಾಗ ಕಲ್ಲಿನಲ್ಲಿ ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಬೇಕು, ಪ್ರತಿ ಸಾಲಿಗೂ ಸಂಖ್ಯೆ ಇರಬೇಕು. ಮಾರ್ಕ್‌ಡೌನ್ ಒಂದೊಂದೇ ಎಂಟರ್ ಹೊಡೆದು ಬರೆದ ಸಾಲುಗಳನ್ನು ಒಟ್ಟುಗೂಡಿಸಿ ಒಂದೇ ಪ್ಯಾರಾ ಮಾಡುತ್ತದೆ. ವಚನ, ತ್ರಿಪದಿ ಹಾಕುವವರಿಗೂ ಇದೇ ಕಷ್ಟ. ಸಾಲಿನ ಕೊನೆಗೆ ಎರಡು ಖಾಲಿ ಜಾಗ ಬಿಟ್ಟರೆ ಸಾಲು ಮುರಿಯುತ್ತದೆ ಎಂದು ನಿಯಮವಿದೆ, ಆದರೆ ಆ ಖಾಲಿ ಜಾಗ ಕಣ್ಣಿಗೆ ಕಾಣುವುದಿಲ್ಲ. ಒಮ್ಮೆ ನನ್ನ ಎಡಿಟರ್ ಕಡತ ಉಳಿಸುವಾಗ ಕೊನೆಯ ಖಾಲಿ ಜಾಗಗಳನ್ನೆಲ್ಲ ತಾನಾಗಿ ಅಳಿಸಿಹಾಕಿತು. ನಲವತ್ತು ಸಾಲಿನ ದಾನಶಾಸನ ಒಂದೇ ಮುದ್ದೆಯಾಗಿ ಪ್ರಕಟವಾಗಿತ್ತು. ಓದುಗರೊಬ್ಬರು ಹೇಳುವವರೆಗೆ ನನಗೆ ಗೊತ್ತೇ ಆಗಲಿಲ್ಲ. ಈಗ ಸಾಲಿನ ಕೊನೆಗೆ \ ಹಾಕುತ್ತೇನೆ. ಮಾರ್ಕ್‌ಡೌನ್‌ನ ಖಚಿತ ನಿಯಮಾವಳಿಯಾದ ಕಾಮನ್‌ಮಾರ್ಕ್ ಪಾಲಿಸುವ ಪರಿವರ್ತಕಗಳು ಇದನ್ನು ಒಪ್ಪುತ್ತವೆ, ಮುಖ್ಯವಾಗಿ ಅದು ಕಣ್ಣಿಗೆ ಕಾಣುತ್ತದೆ.

ಅಂಕಿಗಳ ಕಥೆಯೂ ಹೀಗೇ. 1. 2. ಎಂದು ಬರೆದರೆ ಪಟ್ಟಿಯಾಗುತ್ತದೆ, ೧. ೨. ಎಂದು ಬರೆದರೆ ಅದಕ್ಕೆ ಪಟ್ಟಿ ಅನ್ನುವುದೇ ತಿಳಿಯುವುದಿಲ್ಲ. ಪ್ಯಾರಾವನ್ನು ಇಸವಿಯಿಂದ ಶುರು ಮಾಡಿದರೆ ಇನ್ನೊಂದು ಅಪಾಯ. "1117. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದ ವರ್ಷ" ಎಂದು ಬರೆದಿದ್ದೆ. ಆಗಿನ ಪರಿವರ್ತಕ ಅದನ್ನು ಪಟ್ಟಿಯೆಂದು ತಿಳಿದು ಇಸವಿಯ ಜಾಗದಲ್ಲಿ 1 ಎಂದು ಅಚ್ಚುಹಾಕಿತು. 1117\. ಎಂದು ಬರೆದರೆ ಸರಿಹೋಗುತ್ತದೆ.

ಸವೆದ ಅಕ್ಷರವನ್ನು ಊಹಿಸಿ ಓದಿದಾಗ ಚೌಕ ಕಂಸದಲ್ಲಿ ಹಾಕಿ, ಅನುಮಾನವಿದ್ದರೆ ಪಕ್ಕದಲ್ಲಿ ಪ್ರಶ್ನಾರ್ಥಕ ಇಡುತ್ತೇನೆ: [ಮ](?). ಮಾರ್ಕ್‌ಡೌನ್‌ನಲ್ಲಿ ಕೊಂಡಿಯ ರೂಪವೂ ಇದೇ! ಹಾಗಾಗಿ ನನ್ನ ಅನುಮಾನಗಳೆಲ್ಲ ನೀಲಿ ಕೊಂಡಿಗಳಾಗಿ ಹೊಳೆಯುತ್ತಿದ್ದವು. ನಡುವೆ ಒಂದು ಖಾಲಿ ಜಾಗ ಬಿಡಿ, ಸಾಕು.

ಕನ್ನಡದಂಥ ಭಾಷೆಗಳ ತೊಡಕು ಎಂದರೆ ವಿಭಕ್ತಿ ಪ್ರತ್ಯಯ. **ಶಾಸನ**ದಲ್ಲಿ ಎಂದು ಬರೆದರೆ ಪ್ರಕೃತಿ ಮಾತ್ರ ದಪ್ಪವಾಗಿ ಸರಿಯಾಗಿ ಬರುತ್ತದೆ. ಅದನ್ನೇ __ಶಾಸನ__ದಲ್ಲಿ ಎಂದು ಅಡಿಗೆರೆಗಳಿಂದ ಬರೆದರೆ ಗೆರೆಗಳು ಹಾಗೇ ಉಳಿಯುತ್ತವೆ, ಏಕೆಂದರೆ ಪದದ ನಡುವೆ ಬಂದ ಅಡಿಗೆರೆಯನ್ನು ಗುರುತೆಂದು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ನಿಯಮವಿದೆ. ಇಂಗ್ಲಿಷಿನವರಿಗೆ ಇದು ಅಪರೂಪದ ಸಂಗತಿ, ನಮಗೆ ಪ್ರತಿ ವಾಕ್ಯದ ಸಂಗತಿ. ಉದ್ಧರಣ ಚಿಹ್ನೆ ಸೇರಿದರೆ ನಕ್ಷತ್ರವೂ ಸೋಲುತ್ತದೆ: **"ಮಾಸ್ತಿಕಲ್ಲು"**ಗಳ ಎಂದು ಬರೆದು ನೋಡಿ, ದಪ್ಪವಾಗುವುದಿಲ್ಲ. ಮುಚ್ಚುವ ನಕ್ಷತ್ರದ ಹಿಂದೆ ಚಿಹ್ನೆ, ಮುಂದೆ ಅಕ್ಷರ ಇದ್ದರೆ ಅದು ಮುಚ್ಚುವುದೇ ಇಲ್ಲ. ನಕ್ಷತ್ರವನ್ನು ಉದ್ಧರಣದ ಒಳಗೆ ತಂದರೆ, "**ಮಾಸ್ತಿಕಲ್ಲು**"ಗಳ, ಸರಿಯಾಗುತ್ತದೆ. ಸಂಧಿಯಾದ ಕಡೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. "ಕಲ್ಲಿನ" ಎಂಬಲ್ಲಿ "ಕಲ್ಲ"ವನ್ನಷ್ಟೇ ದಪ್ಪ ಮಾಡಲು ಹೋದರೆ ಗುಡಿಸು ಒಂಟಿಯಾಗಿ ಚುಕ್ಕಿವೃತ್ತದ ಮೇಲೆ ಕೂತುಬಿಡಬಹುದು. ಇಡೀ ಪದವನ್ನು ದಪ್ಪ ಮಾಡುವುದೇ ಲೇಸು.

ಒಂದೇ ನಕ್ಷತ್ರದ ಓರೆ ಅಕ್ಷರವನ್ನು ನಾನು ಬಿಟ್ಟೇಬಿಟ್ಟಿದ್ದೇನೆ. ನಮ್ಮ ಲಿಪಿಗೆ ಓರೆ ರೂಪದ ಪರಂಪರೆ ಇಲ್ಲ. ಫಾಂಟಿನಲ್ಲಿ ಆ ರೂಪ ಇಲ್ಲದಾಗ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ವಾಲಿಸುತ್ತದೆ, ಒತ್ತುಗಳು ಎತ್ತಲೋ ಜಾರಿದಂತೆ ಕಾಣುತ್ತವೆ.

ಕೀಲಿಮಣೆಯನ್ನೂ ನೋಡಿಕೊಳ್ಳಿ. ಕೆ.ಪಿ. ರಾವ್ ವಿನ್ಯಾಸದಲ್ಲಿ ಬೆರಳಚ್ಚಿಸುವ ನನಗೆ ಚಿಹ್ನೆಗಳೆಲ್ಲ ಇದ್ದಲ್ಲೇ ಸಿಗುತ್ತವೆ. ವಿಂಡೋಸಿನ ಇನ್‌ಸ್ಕ್ರಿಪ್ಟ್ ವಿನ್ಯಾಸ ಬಳಸುವ ಗೆಳೆಯನಿಗೆ ಶಿಫ್ಟ್ ಹಿಡಿದು 8 ಒತ್ತಿದರೆ ನಕ್ಷತ್ರದ ಬದಲು ಶ್ರ ಬರುತ್ತದೆ; ಪ್ರತಿ ಗುರುತಿಗೂ ಅವನು ಇಂಗ್ಲಿಷಿಗೆ ಹೋಗಿ ಬರಬೇಕು.

ಅಡಿಟಿಪ್ಪಣಿ ಮೂಲ ಮಾರ್ಕ್‌ಡೌನ್‌ನಲ್ಲಿ ಇರಲೇ ಇಲ್ಲ. ಶಾಸನದ ಬರಹಕ್ಕೆ ಅದಿಲ್ಲದೆ ಆಗದು, ಹಾಗಾಗಿ ಜಾನ್ ಮ್ಯಾಕ್‌ಫಾರ್ಲೇನ್ ಅವರ ಪ್ಯಾನ್‌ಡಾಕ್ ಎಂಬ ಪರಿವರ್ತಕಕ್ಕೆ ಹೋದೆ. ಒಂದೇ ಕಡತದಿಂದ ಜಾಲಪುಟ, ವರ್ಡ್ ಕಡತ, ಇ-ಪುಸ್ತಕ ಮೂರೂ ಬರುತ್ತವೆ. ಪರಿವರ್ತಕದಿಂದ ಪರಿವರ್ತಕಕ್ಕೆ ಫಲ ಬದಲಾಗುವ ಗೋಳು ಮೊದಲು ವಿಪರೀತವಿತ್ತು. 2014ರಲ್ಲಿ ಕಾಮನ್‌ಮಾರ್ಕ್ ಬಂದ ಮೇಲೆ ಬಹಳ ಕಡಿಮೆಯಾಗಿದೆ. ಹೊಸದಾಗಿ ಶುರು ಮಾಡುವವರು ಅದನ್ನು ಪಾಲಿಸುವ ಉಪಕರಣವನ್ನೇ ಆರಿಸಿಕೊಳ್ಳಿ, ಕನ್ನಡದ ಒಂದು ಪ್ಯಾರಾ ಹಾಕಿ ನೋಡಿ, ಆಮೇಲೆ ನಂಬಿ.

ಕಳೆದ ಮಳೆಗಾಲ ಮುಗಿದ ಮೇಲೆ, ಹಿಂದೆ ಓದಿದ್ದ ವೀರಗಲ್ಲೊಂದರ ಮುಂದೆ ಮತ್ತೆ ಹೋಗಿ ನಿಂತಿದ್ದೆ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಮೊಬೈಲಿನಲ್ಲಿದ್ದ ಎಂಟು ವರ್ಷದ ಹಿಂದಿನ ಕಡತವನ್ನು ಮಾಮೂಲಿ ನೋಟ್‌ಪ್ಯಾಡಿನಲ್ಲಿ ತೆರೆದೆ. #, \, ಕಂಸ ಎಲ್ಲ ಇದ್ದಂತೆಯೇ ಕಂಡಿತು, ಸಾಲಿಗೆ ಸಾಲು ಕಲ್ಲಿನೊಂದಿಗೆ ತಾಳೆ ನೋಡಿದೆ. ಸಂಜೆಯ ಓರೆ ಬಿಸಿಲಿಗೆ ನಾಲ್ಕನೇ ಸಾಲಿನ ಒಂದು ಅಕ್ಷರ ಎದ್ದು ಕಂಡಿತು. ಅಲ್ಲೇ ನಿಂತು [ಳ] ಅಳಿಸಿ ೞ ಎಂದು ತಿದ್ದಿದೆ, ಕಂಸ ತೆಗೆದೆ.