ಸ್ಯಾಕ್ರಮೆಂಟೊ ರೈಲು ಮ್ಯೂಸಿಯಂ: ಮಕ್ಕಳ ಜೊತೆ ಹಳೇ ಕಾಲಕ್ಕೊಂದು ಟ್ರಿಪ್

ನಮ್ಮನೆಯಲ್ಲಿ ರಾತ್ರಿ ಮಲಗುವ ಹೊತ್ತಿಗೆ ಒಂದೇ ಕಥೆ ಎರಡು ವರ್ಷದಿಂದ ಓಡುತ್ತಿದೆ. ಮಂಚದ ಕೆಳಗಿರುವ ಆಟದ ರೈಲು ದೊಡ್ಡದಾಗಿ, ಮಕ್ಕಳನ್ನು ಹತ್ತಿಸಿಕೊಂಡು ಹಳೇ ಕಾಲಕ್ಕೆ ಹೋಗುತ್ತದೆ, ಅಷ್ಟೇ. ಕಥೆ ಹೇಳುವುದು ಅವರಪ್ಪ. ಸ್ಕೂಲಲ್ಲಿ ಅಮೆರಿಕದ ಇತಿಹಾಸ ಶುರುವಾದ ಮೇಲೆ ಮಗಳ ಪ್ರಶ್ನೆಗಳು ಜಾಸ್ತಿಯಾಗಿ, ಅಪ್ಪನ ಸರಕು ಖಾಲಿಯಾಯಿತು. ಅದಕ್ಕೇ ಹೋದ ಶನಿವಾರ ನಾವಿರುವ ಫ್ರೀಮಾಂಟ್‌ನಿಂದ ಸ್ಯಾಕ್ರಮೆಂಟೊದ ಕ್ಯಾಲಿಫೋರ್ನಿಯಾ ಸ್ಟೇಟ್ ರೈಲ್‌ರೋಡ್ ಮ್ಯೂಸಿಯಂಗೆ ಹೊರಟೆವು. ಕಾರು ಬೇಡ, ರೈಲಲ್ಲೇ ಹೋಗಿ. ಕ್ಯಾಪಿಟಲ್ ಕಾರಿಡಾರ್ ರೈಲು ಮೂರು ಗಂಟೆ ಹತ್ತಿರ ತಗೊಳ್ಳುತ್ತದೆ, ಇಳಿದ ಮೇಲೆ ನಡೆದೇ ಹೋಗಬಹುದು.

ಮೊದಲು ಹೇಳಬೇಕಾಗಿದ್ದು 1929ರ ಸೇಂಟ್ ಹಯಸಿಂಥ್ ಅನ್ನೋ ಸ್ಲೀಪರ್ ಬೋಗಿ. ಒಳಗೆ ಕಾಲಿಟ್ಟರೆ ಕತ್ತಲು, ಕಿಟಕಿಯಾಚೆ ದೀಪಗಳು ಸರಿದು ಹೋಗುತ್ತವೆ, ಬೋಗಿ ಮೆಲ್ಲಗೆ ಅಲ್ಲಾಡುತ್ತದೆ. ನಿಂತಿರುವ ಬೋಗಿ ಅಂತ ಗೊತ್ತಿದ್ದೂ ನಾನು ಕಂಬಿ ಹಿಡಿದುಕೊಂಡೆ! ಆರು ವರ್ಷದ ಮಗ ಬರ್ತಿನ ಪರದೆ ನೋಡುತ್ತಾ "ಅಮ್ಮ, ಯಾವ ಊರು ಬಂತು?" ಅಂದ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ಅರ್ಧ ನಿದ್ದೆಯಲ್ಲಿ ನಾನು ನಮ್ಮಪ್ಪನನ್ನು ಕೇಳುತ್ತಿದ್ದದ್ದೂ ಇದನ್ನೇ. ತಲೆಗೆ ಕಟ್ಟಿಕೊಳ್ಳುವ ವಿಆರ್ ಪೆಟ್ಟಿಗೆಗಳೆಲ್ಲ ಇದರ ಮುಂದೆ ಏನೂ ಅಲ್ಲ.

ಗವರ್ನರ್ ಸ್ಟ್ಯಾನ್‌ಫೋರ್ಡ್ ಅನ್ನೋ ಇಂಜಿನ್ ಕೂಡ ಇಲ್ಲಿದೆ. 1862ರಲ್ಲಿ ಫಿಲಡೆಲ್ಫಿಯಾದಲ್ಲಿ ಕಟ್ಟಿದ್ದು. ದೇಶದ ಆ ತುದಿಯಿಂದ ಈ ತುದಿಗೆ ಹಳಿಯೇ ಇಲ್ಲದ ಕಾಲ ಅಲ್ವಾ, ಹಾಗಾಗಿ ಬಿಡಿಬಿಡಿಯಾಗಿ ಹಡಗಿಗೆ ಹಾಕಿ, ದಕ್ಷಿಣ ಅಮೆರಿಕದ ತುದಿ ಸುತ್ತಿಸಿ ತಂದರು. ರೈಲೇ ಹಡಗು ಹತ್ತಿತು ಅಂದರೆ ಮಗ ನಂಬಲೇ ಇಲ್ಲ. ಅವನಿಗೆ ಹಿಡಿಸಿದ್ದು 1944ರ 4294 ನಂಬರಿನ ರಾಕ್ಷಸ ಉಗಿ ಇಂಜಿನ್. ಇದರಲ್ಲಿ ಡ್ರೈವರ್ ಕೂರುವ ಜಾಗ ಎಲ್ಲಕ್ಕಿಂತ ಮುಂದೆ, ಹೊಗೆ ಕೊಳವೆ ಹಿಂದೆ. ಕ್ಯಾಲಿಫೋರ್ನಿಯಾದ ಸಿಯೆರಾ ಬೆಟ್ಟದ ಸುರಂಗಗಳಲ್ಲಿ ಹೊಗೆ ತುಂಬಿ ಉಸಿರು ಕಟ್ಟುತ್ತಿತ್ತಂತೆ, ಅದಕ್ಕೆ ಹಾಗೆ. "ಇಂಜಿನ್ ರಿವರ್ಸಲ್ಲಿ ಹೋಗ್ತಿತ್ತು" ಅಂತ ಅವನು ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾನೆ, ನಾನು ತಿದ್ದಿಲ್ಲ.

ಚಿನ್ನದ ಮೊಳೆಯೊಂದು ಗಾಜಿನೊಳಗಿದೆ. ಪೂರ್ವದಿಂದಲೂ ಪಶ್ಚಿಮದಿಂದಲೂ ಹಾಕುತ್ತಾ ಬಂದ ಹಳಿ 1869ರ ಮೇ 10ರಂದು ಯೂಟಾದಲ್ಲಿ ಕೂಡಿತಲ್ಲ, ಆಗ ಮಾಡಿಸಿದ ಮೊಳೆಗಳ ಪೈಕಿ ಇದೊಂದು. ನಿಜ ಹೇಳಬೇಕೆಂದರೆ ಅದರ ಮುಂದೆ ಎರಡು ನಿಮಿಷ ನಿಂತರೆ ಸಾಕು. ಚೀನಾದಿಂದ ಬಂದ ಕೆಲಸಗಾರರ ವಿಭಾಗಕ್ಕೆ ಮಾತ್ರ ಸಮಯ ಇಟ್ಟುಕೊಳ್ಳಿ. ಈ ಹಳಿಗಾಗಿ ಸಿಯೆರಾ ಬೆಟ್ಟದಲ್ಲಿ ಸಾವಿರಾರು ಜನ ಗಟ್ಟಿ ಕಲ್ಲು ಒಡೆದು, ಕೆಲವು ಕಡೆ ದಿನಕ್ಕೆ ಒಂದಡಿಯಷ್ಟೇ ಮುಂದೆ ಹೋಗುತ್ತಾ ಸುರಂಗ ಕೊರೆದಿದ್ದಾರೆ. 1867ರ ಜೂನ್‌ನಲ್ಲಿ ಬಿಳಿಯರಿಗೆ ಕೊಡುವಷ್ಟೇ ಕೂಲಿ ನಮಗೂ ಕೊಡಿ ಅಂತ ಅವರು ಮುಷ್ಕರ ಹೂಡಿದ್ದನ್ನು ಮಗಳಿಗೆ ಹೇಳಿದೆ. ರೈಲು ಕಂಪನಿ ಬೆಟ್ಟಕ್ಕೆ ಹೋಗುವ ಊಟದ ಸಾಮಾನು ನಿಲ್ಲಿಸಿತು, ಒಂದು ವಾರಕ್ಕೇ ಮುಷ್ಕರ ಮುಗಿಯಿತು. "ಹಂಗಾದ್ರೆ ಅಷ್ಟು ದಿನ ಏನ್ ತಿಂದ್ರು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ಬುದ್ಧಿಮಾತು. ಮೇಲಿನ ಮಹಡಿಯ ಆಟದ ರೈಲುಗಳನ್ನು ಮೊದಲೇ ತೋರಿಸಬೇಡಿ, ಮಕ್ಕಳು ಅಲ್ಲಿಂದ ಕದಲುವುದಿಲ್ಲ. ನಾವು ಆ ತಪ್ಪು ಮಾಡಿ ಮುಕ್ಕಾಲು ಗಂಟೆ ಕಳೆದುಕೊಂಡೆವು. ಬೆಳಿಗ್ಗೆಯೇ ತಲುಪಿ, ಮಧ್ಯಾಹ್ನದ ಮೇಲೆ ಹೋದರೆ ಸಾಲುವುದಿಲ್ಲ.

ವಾಪಸ್ ಬರುವಾಗ ರೈಲಲ್ಲೇ ಆ ದಿನದ ಕಥೆ ಶುರುವಾಯಿತು. ಈ ಸಲ ಹೇಳಿದ್ದು ಮಗಳು. ಮಂಚದ ಕೆಳಗಿನ ರೈಲು ಸೀದಾ 1867ಕ್ಕೆ ಹೋಯಿತು, ಸಿಯೆರಾ ಬೆಟ್ಟ ಹತ್ತಿತು. ಬೋಗಿ ತುಂಬ ಏನಿದೆ ಅಂತ ಅಪ್ಪ ಕೇಳಿದರು. "ಚಿತ್ರಾನ್ನ" ಅಂದಳು. ತಮ್ಮ ತಕ್ಷಣ ಸೇರಿಸಿದ, "ಕಡಲೆಬೀಜ ಜಾಸ್ತಿ ಹಾಕಿರೋದು."